22 ಸಾವಿರಕ್ಕೆ ಒಂದು ಪ್ಯಾಕೆಟ್

ಅಮೆರಿಕದ ಇಂಧನ ಇಲಾಖೆಯ ಪ್ರಯೋಗಾಲಯಗಳನ್ನು ಒಂದಕ್ಕೊಂದು ಬೆಸೆದಿರುವ ಜಾಲದ ಹೆಸರು ಇಎಸ್‌ನೆಟ್. ಕಣಭೌತ ವಿಜ್ಞಾನದ, ಹವಾಮಾನದ, ಜೀನೋಮ್ ಅಧ್ಯಯನದ ರಾಶಿ ರಾಶಿ ದತ್ತಾಂಶ ಹಗಲು ರಾತ್ರಿ ಅದರಲ್ಲಿ ಹರಿಯುತ್ತಿರುತ್ತದೆ. ಒಮ್ಮೆ ಈ ಜಾಲದ ರೂಟರ್ ಒಂದರಲ್ಲಿ, ಸೆಕೆಂಡಿಗೆ 10 ಗಿಗಾಬಿಟ್ ಸಾಗಿಸುವ ಲೈನ್ ಕಾರ್ಡ್ ಕೆಡತೊಡಗಿತು. ಒಮ್ಮೆಲೇ ಕೆಟ್ಟು ನಿಂತಿದ್ದರೆ ಅಲಾರಂ ಹೊಡೆದುಕೊಂಡು, ಯಾರೋ ಬಂದು ಬದಲಿಸಿ ಹೋಗುತ್ತಿದ್ದರು. ಅದು ಹಾಗೆ ಕೆಡಲಿಲ್ಲ. 22,000 ಪ್ಯಾಕೆಟ್‌ಗಳಲ್ಲಿ ಒಂದನ್ನಷ್ಟೇ ಬೀಳಿಸುತ್ತ, ಮಿಕ್ಕ 21,999ನ್ನು ಸರಿಯಾಗಿ ದಾಟಿಸುತ್ತ ಇತ್ತು.

ಶೇಕಡಾ ಲೆಕ್ಕದಲ್ಲಿ ಇದು 0.0046. ಕಾರ್ಡ್ ತುಂಬು ಸಾಮರ್ಥ್ಯದಲ್ಲಿ ದುಡಿದರೆ ಸೆಕೆಂಡಿಗೆ ತಲಾ ಒಂದು ಪ್ಯಾಕೆಟ್ ಹೊತ್ತ 8,12,744 ದೊಡ್ಡ ಫ್ರೇಮ್‌ಗಳನ್ನು ಸಾಗಿಸಬಲ್ಲದು. ಅವುಗಳಲ್ಲಿ ಕಾಣೆಯಾಗುತ್ತಿದ್ದದ್ದು 37. ಕಾರ್ಡಿನ ಮಟ್ಟಿಗೆ ನೋಡಿದರೆ 10 ಗಿಗಾಬಿಟ್‌ನಲ್ಲಿ ಸುಮಾರು 450 ಕಿಲೋಬಿಟ್ ಮಾತ್ರ ನಷ್ಟ. ರೂಟರ್ ತನ್ನೊಳಗಿನ ದೋಷಗಳನ್ನು ತಾನೇ ಎಣಿಸಿಕೊಳ್ಳುವ ವ್ಯವಸ್ಥೆಯಲ್ಲಿ ಇದರ ಸುಳಿವೇ ಇರಲಿಲ್ಲ. ಆದರೆ ಆ ದಾರಿಯಲ್ಲಿ ದೂರದೂರಿಗೆ ಹೋಗುತ್ತಿದ್ದ ಫೈಲುಗಳ ವೇಗ ನೆಲಕಚ್ಚಿತ್ತು. 2013ರ ಸೂಪರ್‌ಕಂಪ್ಯೂಟಿಂಗ್ ಸಮ್ಮೇಳನದಲ್ಲಿ ಎಲಿ ಡಾರ್ಟ್ ಮತ್ತು ಸಂಗಡಿಗರು ‘ಸೈನ್ಸ್ ಡಿಎಂಜೆಡ್’ ಎಂಬ ಜಾಲವಿನ್ಯಾಸದ ಬಗ್ಗೆ ಮಂಡಿಸಿದ ಪ್ರಬಂಧದಲ್ಲಿ ಈ ಪ್ರಕರಣ ದಾಖಲಾಗಿದೆ. ವೇಗದ ಜಾಲಗಳನ್ನು ಪರೀಕ್ಷಿಸುವ ಕೆಲಸ ಯಾಕೆ ಇಷ್ಟು ಕಷ್ಟ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಇಷ್ಟು ಸಣ್ಣ ನಷ್ಟ ಅಷ್ಟು ದೊಡ್ಡ ಹಾನಿ ಮಾಡುವುದು ಹೇಗೆ? ಉತ್ತರಕ್ಕೆ 1986ರ ಅಕ್ಟೋಬರ್‌ಗೆ ಹೋಗಬೇಕು. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಅದರ ಪಕ್ಕದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ ಇದ್ದ ದೂರ 400 ಗಜ. ಅವೆರಡರ ನಡುವಿನ ದತ್ತಾಂಶದ ವೇಗ ಸೆಕೆಂಡಿಗೆ 32 ಕಿಲೋಬಿಟ್‌ನಿಂದ ಇದ್ದಕ್ಕಿದ್ದಂತೆ 40 ಬಿಟ್‌ಗೆ ಕುಸಿಯಿತು. ಕಿಲೋಬಿಟ್ ಅಲ್ಲ, ಬರೀ 40 ಬಿಟ್. ಪ್ಯಾಕೆಟ್ ಕಳೆದುಹೋದಾಗಲೆಲ್ಲ ಕಂಪ್ಯೂಟರ್‌ಗಳು ಮತ್ತೆ ಮತ್ತೆ ಕಳಿಸುತ್ತ, ಮೊದಲೇ ತುಂಬಿದ್ದ ದಾರಿಯನ್ನು ಇನ್ನಷ್ಟು ತುಂಬಿಸುತ್ತಿದ್ದವು. ವ್ಯಾನ್ ಜೇಕಬ್ಸನ್ ಈ ಕುಸಿತದ ಕಾರಣ ಹುಡುಕಿ, 1988ರಲ್ಲಿ ಪರಿಹಾರವನ್ನು ಪ್ರಕಟಿಸಿದರು. ಪ್ಯಾಕೆಟ್ ಕಳೆದುಹೋದರೆ ಮುಂದೆ ದಾರಿ ಕಿಕ್ಕಿರಿದಿದೆ ಎಂದು ಭಾವಿಸು, ಕಳಿಸುವ ಪ್ರಮಾಣವನ್ನು ಕೂಡಲೇ ತಗ್ಗಿಸು, ಆಮೇಲೆ ಸ್ವಲ್ಪ ಸ್ವಲ್ಪವೇ ಏರಿಸು ಎಂಬುದು ಅದರ ತಿರುಳು. ಅಂತರ್ಜಾಲ ಇವತ್ತಿಗೂ ನಿಂತಿರುವುದು ಈ ಶಿಸ್ತಿನ ಮೇಲೆ. (ನಮ್ಮಲ್ಲಿ ಇದೇ 1986ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿದಂತೆ ಕೆಲವೇ ಸಂಸ್ಥೆಗಳನ್ನು ಕಟ್ಟಿಕೊಂಡು ಅರ್ನೆಟ್ ಎಂಬ ಜಾಲ ಶುರುವಾಗಿತ್ತು. ನಾವು ಜಾಲ ಹೆಣೆಯಲು ಕೂತ ಹೊತ್ತಿಗೆ ಅವರು ಅದರ ಮೊದಲ ದೊಡ್ಡ ಕಾಯಿಲೆಗೆ ಮದ್ದು ಅರೆಯುತ್ತಿದ್ದರು.)

ಜೇಕಬ್ಸನ್ ಅವರ ಮದ್ದಿನಲ್ಲಿ ಒಂದು ನಂಬಿಕೆ ಅಡಗಿದೆ. ಪ್ಯಾಕೆಟ್ ಕಳೆದುಹೋಗಿದೆ ಎಂದರೆ ದಟ್ಟಣೆಯೇ ಕಾರಣ ಎಂಬ ನಂಬಿಕೆ. ಕೆಟ್ಟ ಕಾರ್ಡು, ಕೊಳೆಯಾದ ಫೈಬರ್ ತುದಿ, ಚಿಕ್ಕದಾದ ಬಫರ್ ಯಾವುದು ಪ್ಯಾಕೆಟ್ ಬೀಳಿಸಿದರೂ ಈ ಶಿಸ್ತನ್ನು ಪಾಲಿಸುವ ಟಿಸಿಪಿ ಎಂಬ ರವಾನೆ ವಿಧಾನ ಅದನ್ನು ದಟ್ಟಣೆ ಎಂದೇ ಓದುತ್ತದೆ. ಖಾಲಿ ಹೆದ್ದಾರಿಯಲ್ಲೂ ಬ್ರೇಕ್ ಒತ್ತುತ್ತದೆ. ಮರಳಿ ವೇಗ ಹಿಡಿಯುವುದಂತೂ ಬಲು ನಿಧಾನ, ಯಾಕೆಂದರೆ ಹಳೆಯ ಟಿಸಿಪಿ ಹೋಗಿಬರುವ ಪ್ರತಿ ಸುತ್ತಿಗೆ ಒಂದೇ ಒಂದು ಪ್ಯಾಕೆಟ್‌ನಷ್ಟು ಏರಿಸುತ್ತದೆ. ಬರ್ಕ್ಲಿಯವರೇ ಆದ ಸ್ಯಾಲಿ ಫ್ಲಾಯ್ಡ್ 2003ರಲ್ಲಿ ಈ ಲೆಕ್ಕವನ್ನು ಬಿಡಿಸಿ ತೋರಿಸಿದರು. ಕೊಂಡಿ 10 ಗಿಗಾಬಿಟ್‌ನದು, ಹೋಗಿಬರಲು 100 ಮಿಲಿಸೆಕೆಂಡ್, ಪ್ಯಾಕೆಟ್ 1,500 ಬೈಟ್ ಎಂದಿಟ್ಟುಕೊಳ್ಳಿ. ದಾರಿ ತುಂಬಿರಬೇಕಾದರೆ ಯಾವ ಕ್ಷಣದಲ್ಲೂ 83,333 ಪ್ಯಾಕೆಟ್‌ಗಳು ಹಾದಿಯಲ್ಲಿರಬೇಕು. ಒಂದು ಬಿದ್ದರೆ ಆ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ, ಮತ್ತೆ ತುಂಬಲು ಒಂದು ಗಂಟೆಗಿಂತ ಹೆಚ್ಚು ಬೇಕು. ಹಾಗಾಗಿ ಆ ಟಿಸಿಪಿ ಆ ಕೊಂಡಿಯನ್ನು ತುಂಬಬೇಕಾದರೆ 500 ಕೋಟಿ ಪ್ಯಾಕೆಟ್‌ಗಳಿಗೆ ಒಂದಕ್ಕಿಂತ ಹೆಚ್ಚು ಬೀಳಕೂಡದು. ಲೈನ್ ಕಾರ್ಡ್ ಬೀಳಿಸುತ್ತಿದ್ದದ್ದು 22 ಸಾವಿರಕ್ಕೆ ಒಂದನ್ನು!

ನಷ್ಟಕ್ಕೂ ದೂರಕ್ಕೂ ವೇಗಕ್ಕೂ ಇರುವ ಈ ನಂಟನ್ನು ಮ್ಯಾಥಿಸ್ ಮತ್ತು ಸಂಗಡಿಗರು 1997ರಲ್ಲಿ ಸರಳ ಸೂತ್ರವಾಗಿ ಬರೆದರು. ಪ್ಯಾಕೆಟ್‌ನ ಗಾತ್ರವನ್ನು ಹೋಗಿಬರುವ ಸಮಯದಿಂದ ಭಾಗಿಸಿ, ಬಂದದ್ದನ್ನು ನಷ್ಟದ ಪ್ರಮಾಣದ ವರ್ಗಮೂಲದಿಂದ ಭಾಗಿಸಿದರೆ ಟಿಸಿಪಿಯ ವೇಗದ ಅಂದಾಜು ಸಿಗುತ್ತದೆ. ಅದೇ 22 ಸಾವಿರಕ್ಕೆ ಒಂದು ನಷ್ಟವನ್ನು ಇದಕ್ಕೆ ಹಾಕಿ ನೋಡಿ. ಹೋಗಿಬರಲು 100 ಮಿಲಿಸೆಕೆಂಡ್ ಆದರೆ ವೇಗ ಸುಮಾರು 17 ಮೆಗಾಬಿಟ್. 10 ಮಿಲಿಸೆಕೆಂಡ್ ಆದರೆ 170. ಒಂದು ಮಿಲಿಸೆಕೆಂಡ್ ಆದರೆ 1.7 ಗಿಗಾಬಿಟ್. ಮಿಲಿಸೆಕೆಂಡಿನ ಹತ್ತನೇ ಒಂದು ಭಾಗವಾದರೆ ಉತ್ತರ 17 ಗಿಗಾಬಿಟ್. ಅಂದರೆ 10 ಗಿಗಾಬಿಟ್‌ನ ಕೊಂಡಿ ಪೂರ್ತಿ ತುಂಬಿ ಹರಿಯುತ್ತದೆ, ದೋಷ ಇರುವುದೇ ಗೊತ್ತಾಗುವುದಿಲ್ಲ. ಒಂದೇ ಕೆಟ್ಟ ಕಾರ್ಡಿನ ಬಗ್ಗೆ ಅದೇ ಕಟ್ಟಡದವರು ‘ಎಲ್ಲ ಚೆನ್ನಾಗಿದೆ’ ಎನ್ನುತ್ತಾರೆ, ಸಾಗರದಾಚೆಯವರು ‘ಏನೂ ಬರುತ್ತಿಲ್ಲ’ ಎನ್ನುತ್ತಾರೆ. ಇಬ್ಬರ ಮಾತೂ ನಿಜ. ಈ ಸೂತ್ರ ಗೊತ್ತಿಲ್ಲದ ಕಡೆ ಇವರಿಬ್ಬರ ನಡುವೆ ವಾರಗಟ್ಟಲೆ ಪತ್ರ ವ್ಯವಹಾರ ನಡೆಯುತ್ತದೆ, ಪ್ಯಾಕೆಟ್‌ಗಳು ಬೀಳುತ್ತಲೇ ಇರುತ್ತವೆ.

ಟಿಸಿಪಿಯ ಹಳೆಯ ಲೆಕ್ಕಕ್ಕೆ ಬದಲಾಗಿ 2006ರಿಂದ ಲಿನಕ್ಸ್‌ನಲ್ಲಿ ಕ್ಯೂಬಿಕ್ ಎಂಬ ವಿಧಾನ ಬಂದಿದೆ, 2016ರಲ್ಲಿ ಗೂಗಲ್‌ನವರು ಬಿಬಿಆರ್ ತಂದರು. ಇವು ಬೇಗ ಚೇತರಿಸಿಕೊಳ್ಳುತ್ತವೆ. ಬಿಬಿಆರ್ ಅಂತೂ ನಷ್ಟ ಕಂಡೊಡನೆ ಬೆದರುವುದಿಲ್ಲ. ಆದರೂ ಇವು ದೋಷವನ್ನು ಸಹಿಸಿಕೊಳ್ಳುವ ದಾರಿಗಳೇ ಹೊರತು ದೋಷ ಹುಡುಕುವ ದಾರಿಗಳಲ್ಲ.

ಹುಡುಕಾಟಕ್ಕೆ ಇಳಿದವರು ಸಾಮಾನ್ಯವಾಗಿ ಮೊದಲು ಹಾಕುವುದು ಪಿಂಗ್, ಅಂದರೆ ಆಚೆ ತುದಿ ಮುಟ್ಟಿ ಮರಳುವ ಪುಟ್ಟ ಪ್ಯಾಕೆಟ್. ನೂರು ಪಿಂಗ್ ಹಾಕಿ, ನೂರಕ್ಕೆ ನೂರೂ ಬಂದರೆ ‘ನೆಟ್‌ವರ್ಕ್ ಕ್ಲೀನ್’ ಎಂದು ಟಿಕೆಟ್ ಮುಚ್ಚಿಬಿಡುತ್ತಾರೆ. 22 ಸಾವಿರಕ್ಕೆ ಒಂದು ಬೀಳುವ ದಾರಿಯಲ್ಲೂ ನೂರು ಪಿಂಗ್ ಸುರಕ್ಷಿತವಾಗಿ ಬರುವ ಸಾಧ್ಯತೆ ಶೇ 99.5ಕ್ಕಿಂತ ಹೆಚ್ಚು. ನಷ್ಟ ಅದಕ್ಕಿಂತ ಕಡಿಮೆ ಇದೆ ಎಂದು ಶೇ 95ರಷ್ಟು ಭರವಸೆಯಿಂದ ಹೇಳಬೇಕಾದರೂ ಸುಮಾರು 66,000 ಪ್ಯಾಕೆಟ್ ಕಳಿಸಿ ಒಂದೂ ಬೀಳದಿರುವುದನ್ನು ನೋಡಬೇಕು. ಸೆಕೆಂಡಿಗೊಂದು ಪಿಂಗ್‌ನಂತೆ ಅದು ಹದಿನೆಂಟು ಗಂಟೆಯ ಕೆಲಸ.

ಇಎಸ್‌ನೆಟ್‌ನ ಕಾರ್ಡನ್ನು ಕೊನೆಗೆ ಹಿಡಿದುಕೊಟ್ಟದ್ದು ಓವ್ಯಾಂಪ್ ಎಂಬ ಪುಟ್ಟ ಪರೀಕ್ಷೆ. ಇದು ಪರ್ಫ್‌ಸೋನಾರ್ ಎಂಬ ಮುಕ್ತ ಸಲಕರಣೆಗಳ ಗುಂಪಿನ ಒಂದು ಭಾಗ. ಸೆಕೆಂಡಿಗೆ ಹತ್ತು ಪುಟ್ಟ ಪ್ಯಾಕೆಟ್‌ಗಳನ್ನು ಕ್ರಮಸಂಖ್ಯೆ ಹಾಕಿ ಒಂದೇ ದಿಕ್ಕಿಗೆ ಕಳಿಸುತ್ತದೆ. ಆಚೆ ತುದಿಯಲ್ಲಿ ಯಾವ ಸಂಖ್ಯೆ ಬರಲಿಲ್ಲ ಎಂದು ಬರೆದಿಡುತ್ತದೆ. ವರ್ಷವಿಡೀ ನಡೆದರೂ ಯಾರಿಗೂ ಭಾರವಾಗದಷ್ಟು ಹಗುರ. ಈ ಲಯದಲ್ಲಿ 22 ಸಾವಿರಕ್ಕೆ ಒಂದರಂತೆ ಬೀಳುವ ಪ್ಯಾಕೆಟ್ ಸರಾಸರಿ 37 ನಿಮಿಷಕ್ಕೊಮ್ಮೆ ಕಾಣುತ್ತದೆ. ಹೋಗುವ ದಾರಿ, ಬರುವ ದಾರಿಗಳ ಲೆಕ್ಕ ಬೇರೆ ಬೇರೆ ಇರುವುದರಿಂದ ಯಾವ ದಿಕ್ಕಿನಲ್ಲಿ ಬಿತ್ತು ಎಂಬುದೂ ತಿಳಿಯುತ್ತದೆ. ಪಿಂಗ್‌ಗೆ ಈ ಭೇದವೇ ಇಲ್ಲ. ಇಂಥ ಪರೀಕ್ಷಾ ಯಂತ್ರಗಳನ್ನು ದಾರಿಯ ನಡುನಡುವೆ ಇಟ್ಟರೆ ಯಾವ ತುಂಡಿನಲ್ಲಿ ದೋಷವಿದೆ ಎಂದು ಅರ್ಧರ್ಧ ಮಾಡುತ್ತ ಹತ್ತಿರ ಹೋಗಬಹುದು. ಜಾಲದ ಪ್ರತಿ ಯಂತ್ರವೂ ತಾನು ಬೀಳಿಸಿದ್ದನ್ನು ಎಣಿಸುತ್ತದೆ ಎಂದು ನಂಬಿ ಕೂರಬಾರದು. ಎಣಿಸದೆ ಬೀಳಿಸುವ ಯಂತ್ರಗಳಿವೆ; ಅವನ್ನು ಹೊರಗಿನಿಂದ ಅಳೆದೇ ಹಿಡಿಯಬೇಕು.

ಹಾಗೆಂದು ಎಣಿಕೆಗಳನ್ನು ನೋಡದೆ ಬಿಡುವುದೂ ತಪ್ಪು. ಸುಮ್ಮನೆ ಮಾಯವಾಗುವ ಪ್ಯಾಕೆಟ್‌ಗಳು ಕಡಿಮೆ. ಬಹುಪಾಲನ್ನು ಯಾವುದೋ ಯಂತ್ರ ಕಾರಣವಿದ್ದೇ ಎಸೆದಿರುತ್ತದೆ, ಎಸೆದದ್ದನ್ನು ಎಲ್ಲೋ ಬರೆದೂ ಇಟ್ಟಿರುತ್ತದೆ. ಪರೀಕ್ಷಕರ ಕೆಲಸದಲ್ಲಿ ಮುಕ್ಕಾಲು ಪಾಲು ಆ ‘ಎಲ್ಲೋ’ ಎಂಬುದನ್ನು ಹುಡುಕುವುದು. ವೇಗದ ಪರೀಕ್ಷೆಗಳಲ್ಲಿ ಆ ಜಾಗ ಬಹಳ ಸಲ ಜಾಲದಲ್ಲಿ ಇರುವುದೇ ಇಲ್ಲ, ಪರೀಕ್ಷೆ ಮಾಡುತ್ತಿರುವ ಕಂಪ್ಯೂಟರಿನ ಹೊಟ್ಟೆಯೊಳಗೇ ಇರುತ್ತದೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಸ್ವಿಚ್, ರೂಟರ್‌ಗಳ ತಂತ್ರಾಂಶ ಬರೆಯುವ, ಪರೀಕ್ಷಿಸುವ ಲ್ಯಾಬ್‌ಗಳು ಬಹಳಷ್ಟಿವೆ. ಅಲ್ಲಿ ಕೆಲಸ ಮಾಡುವವರಿಗೆ ಈ ಮಾತು ಚೆನ್ನಾಗಿ ಗೊತ್ತು. ‘ಸ್ವಿಚ್ ಡ್ರಾಪ್ ಮಾಡ್ತಿದೆ’ ಎಂದು ಬರುವ ದೂರುಗಳಲ್ಲಿ ಎಷ್ಟೋ ಕಡೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕೆಲಸವೇ ನಡೆದಿರುತ್ತದೆ.

ಒಂದು ಪ್ಯಾಕೆಟ್ ಕಂಪ್ಯೂಟರ್ ತಲುಪಿದ ಮೇಲೆ ಏನೇನು ದಾಟಬೇಕು ಎಂದು ಹತ್ತಿರದಿಂದ ನೋಡೋಣ. ಫೈಬರ್‌ನಿಂದ ಬಂದ ಬೆಳಕು ವಿದ್ಯುತ್ ಸಂಕೇತವಾಗಿ ನೆಟ್‌ವರ್ಕ್ ಕಾರ್ಡಿಗೆ ಇಳಿಯುತ್ತದೆ. ಕಾರ್ಡು ಕೊನೆಯ ನಾಲ್ಕು ಬೈಟ್‌ನ ಸಿಆರ್‌ಸಿ ಎಂಬ ತಪಾಸಣೆ ಸಂಖ್ಯೆಯನ್ನು ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಎಸೆಯುತ್ತದೆ, ಎಣಿಸುತ್ತದೆ. ತಾಳೆಯಾದರೆ ಪ್ಯಾಕೆಟ್‌ ಅನ್ನು ಪಿಸಿಐಇ ದಾರಿಯ ಮೂಲಕ ಮೆಮೊರಿಗೆ ಒಯ್ಯಬೇಕು. 100 ಗಿಗಾಬಿಟ್ ಕಾರ್ಡನ್ನು ಮೂರನೇ ಪೀಳಿಗೆಯ, ಎಂಟೇ ಲೇನ್ ಇರುವ ಸ್ಲಾಟ್‌ಗೆ ಸಿಕ್ಕಿಸಿದ್ದರೆ ಅಲ್ಲಿಗೇ ಕಥೆ ಮುಗಿಯಿತು: ಆ ಸ್ಲಾಟ್ ಸಾಗಿಸಬಲ್ಲದ್ದು ಸುಮಾರು 63 ಗಿಗಾಬಿಟ್. ಹದಿನಾರು ಲೇನ್‌ನ ಉದ್ದದ ಸ್ಲಾಟ್ ಹೊರಗಿನಿಂದ ಕಂಡರೂ ಒಳಗೆ ಎಂಟಕ್ಕೇ ತಂತಿ ಎಳೆದಿರುವ ಮದರ್‌ಬೋರ್ಡ್‌ಗಳು ಸಾಕಷ್ಟಿವೆ. ಯಂತ್ರವನ್ನೇ ಕೇಳಬೇಕು, ಕಣ್ಣನ್ನು ನಂಬಬಾರದು.

ಮೆಮೊರಿಯಲ್ಲಿ ಪ್ಯಾಕೆಟ್‌ಗಾಗಿ ಕಾದಿರುವುದು ರಿಂಗ್ ಬಫರ್, ಅಂದರೆ ಸುತ್ತುವ ಖಾನೆಗಳ ಸಾಲು. 10 ಗಿಗಾಬಿಟ್ ಕಾರ್ಡ್‌ಗಳಲ್ಲಿ 512 ಖಾನೆಗಳು ಮಾಮೂಲು. 64 ಬೈಟ್‌ನ ಅತಿ ಸಣ್ಣ ಫ್ರೇಮ್‌ಗಳು ಪೂರ್ಣ ವೇಗದಲ್ಲಿ ಬಂದರೆ ಸೆಕೆಂಡಿಗೆ 1.488 ಕೋಟಿ, ಒಂದರ ಹಿಂದೊಂದು 67 ನ್ಯಾನೋಸೆಕೆಂಡಿಗೊಂದರಂತೆ ಬರುತ್ತವೆ. 512 ಖಾನೆಗಳು ಭರ್ತಿಯಾಗಲು 34 ಮೈಕ್ರೋಸೆಕೆಂಡ್ ಸಾಕು. ಅಷ್ಟರೊಳಗೆ ಪ್ರೊಸೆಸರ್ ಎದ್ದು ಬಂದು ಖಾಲಿ ಮಾಡದಿದ್ದರೆ ಮುಂದಿನದು ನೆಲಕ್ಕೆ. ವಿದ್ಯುತ್ ಉಳಿಸಲೆಂದು ಗಾಢ ನಿದ್ದೆಗೆ ಜಾರಿದ ಪ್ರೊಸೆಸರ್ ಎಚ್ಚರಗೊಳ್ಳಲು ಹತ್ತಾರು ಮೈಕ್ರೋಸೆಕೆಂಡ್ ತೆಗೆದುಕೊಳ್ಳಬಹುದು, ಕೆಲವೊಮ್ಮೆ ನೂರನ್ನೂ ದಾಟಬಹುದು. ಹೀಗಾಗಿ ಕಡಿಮೆ ವೇಗದ ಪರೀಕ್ಷೆಯಲ್ಲಿ ನಷ್ಟ ಕಂಡು, ವೇಗ ಹೆಚ್ಚಿಸಿದರೆ ನಷ್ಟ ಮಾಯವಾಗುವ ವಿಚಿತ್ರ ಫಲಿತಾಂಶಗಳೂ ಬರುತ್ತವೆ: ಕೆಲಸ ಹೆಚ್ಚಿದ್ದಾಗ ಪ್ರೊಸೆಸರ್ ಮಲಗುವುದೇ ಇಲ್ಲ.

ಇನ್ನೊಂದು ತೊಡಕು ಪ್ರೊಸೆಸರ್‌ಗಳ ಹಂಚಿಕೆಯದು. ಒಂದೇ ಹರಿವಿನ ಪ್ಯಾಕೆಟ್‌ಗಳು ಕ್ರಮ ತಪ್ಪಬಾರದು ಎಂದು ಕಾರ್ಡು ಅವನ್ನೆಲ್ಲ ಒಂದೇ ಸಾಲಿಗೆ, ಒಂದೇ ಕೋರ್‌ಗೆ ಕೊಡುತ್ತದೆ. ಹದಿನಾರು ಕೋರ್‌ನ ಯಂತ್ರದಲ್ಲಿ ಹದಿನೈದು ಸುಮ್ಮನೆ ಕೂತು ಒಂದೇ ಕೋರ್ ಉಸಿರುಗಟ್ಟಿ ದುಡಿಯುತ್ತಿರುತ್ತದೆ. ‘ಟಾಪ್’ ತೆರೆದು ನೋಡಿದರೆ ಒಟ್ಟು ಬಳಕೆ ಶೇ 6 ಎಂದು ಕಾಣಿಸುತ್ತದೆ. ಕೀಬೋರ್ಡ್‌ನಲ್ಲಿ 1 ಒತ್ತಿದರೆ ಕೋರ್‌ಗಳು ಬಿಡಿಬಿಡಿಯಾಗಿ ತೆರೆದುಕೊಂಡು, ಅವುಗಳಲ್ಲಿ ಒಂದರ ಮುಂದೆ 100 ಎಂದಿರುವುದು ಕಾಣುತ್ತದೆ. ಆ ಒಂದು ಕೀಲಿ ಒತ್ತದೆ ಸ್ವಿಚ್ ತಯಾರಕರಿಗೆ ದೂರು ಬರೆಯುವವರ ಮೇಲೆ ನನಗೆ ಬೇಸರವಿದೆ.

ಕೊನೆಯ ಹಂತ ಸಾಕೆಟ್ ಬಫರ್, ಅಂದರೆ ಪ್ರೋಗ್ರಾಂ ಎತ್ತಿಕೊಳ್ಳುವವರೆಗೆ ಪ್ಯಾಕೆಟ್‌ಗಳು ಕಾಯುವ ಜಾಗ. ಟಿಸಿಪಿಯಂತೆ ವೇಗ ತಗ್ಗಿಸದೆ ಕಳಿಸುತ್ತಲೇ ಹೋಗುವ ಯುಡಿಪಿಯ ಪರೀಕ್ಷೆಗಳು ಬಹಳ ಸಲ ಎಡವುವುದು ಇಲ್ಲೇ. ಐಪರ್ಫ್3 ಎಂಬ ಜನಪ್ರಿಯ ಸಲಕರಣೆಯಲ್ಲಿ ‘10 ಗಿಗಾಬಿಟ್ ಯುಡಿಪಿ ಕಳಿಸು’ ಎಂದು ಹೇಳಿ, ಆ ಕಡೆ ಶೇ 8 ನಷ್ಟ ಕಂಡು ಗಾಬರಿಯಾಗುವುದು ಸಾಮಾನ್ಯ. ಲಿನಕ್ಸ್‌ನಲ್ಲಿ ಈ ಬಫರ್‌ನ ಮಾಮೂಲು ಗಾತ್ರ 2,12,992 ಬೈಟ್. 10 ಗಿಗಾಬಿಟ್ ವೇಗದಲ್ಲಿ ಅದು ತುಂಬಲು 170 ಮೈಕ್ರೋಸೆಕೆಂಡ್ ಹಿಡಿಯುತ್ತದೆ. ಕರ್ನಲ್ ಪ್ರತಿ ಪ್ಯಾಕೆಟ್‌ನ ಮೇಲೂ ತನ್ನ ಲೆಕ್ಕದ ಹೊರೆ ಸೇರಿಸುವುದರಿಂದ ನಿಜಕ್ಕೂ ಇನ್ನೂ ಬೇಗ. ಸ್ವೀಕರಿಸುವ ಪ್ರೋಗ್ರಾಂ ಒಂದೇ ಒಂದು ಮಿಲಿಸೆಕೆಂಡ್ ಬೇರೆ ಕೆಲಸಕ್ಕೆ ದಾರಿ ಬಿಟ್ಟುಕೊಟ್ಟರೂ ನೂರಾರು ಪ್ಯಾಕೆಟ್‌ಗಳು ಬಾಗಿಲಿನವರೆಗೆ ಬಂದು ಬಿದ್ದುಹೋಗುತ್ತವೆ. ಜಾಲ ಅವನ್ನು ಜೋಪಾನವಾಗಿ ತಂದು ತಲುಪಿಸಿತ್ತು. ‘ನೆಟ್‌ಸ್ಟ್ಯಾಟ್’ನ ಯುಡಿಪಿ ಪಟ್ಟಿಯಲ್ಲಿ ಸ್ವೀಕೃತಿ ಬಫರ್ ದೋಷ ಎಂಬ ಸಾಲು ಅಷ್ಟೇ ಸಂಖ್ಯೆಯಲ್ಲಿ ಏರಿದ್ದರೆ ಅಪರಾಧಿ ಸಿಕ್ಕಂತೆಯೇ.

ಪರೀಕ್ಷೆಗೆ ಮುಂಚೆ ಎಲ್ಲ ಎಣಿಕೆಗಳನ್ನು ಬರೆದಿಟ್ಟು, ಪರೀಕ್ಷೆ ಮುಗಿದ ಮೇಲೆ ಮತ್ತೆ ಬರೆದು, ಎರಡರ ವ್ಯತ್ಯಾಸ ನೋಡುವ ಅಭ್ಯಾಸಕ್ಕಿಂತ ಬೆಲೆಯುಳ್ಳದ್ದು ಈ ಕೆಲಸದಲ್ಲಿ ಇನ್ನೊಂದಿಲ್ಲ. ಕಾರ್ಡಿನ ಎಣಿಕೆಗೆ ‘ಇಥ್‌ಟೂಲ್’, ಕೋರ್‌ಗಳ ಸಾಲು ತುಂಬಿ ಹರಿದದ್ದಕ್ಕೆ ‘ಸಾಫ್ಟ್‌ನೆಟ್’ ಕಡತದ ಎರಡನೇ ಅಂಕಣ, ಸಾಕೆಟ್‌ಗೆ ‘ನೆಟ್‌ಸ್ಟ್ಯಾಟ್’. ಕಳಿಸಿದ್ದು ಎಷ್ಟು, ಸ್ವಿಚ್ಚಿನ ಒಳಬಾಗಿಲು ಎಣಿಸಿದ್ದೆಷ್ಟು, ಹೊರಬಾಗಿಲು ಎಷ್ಟು, ಆ ಕಡೆಯ ಕಾರ್ಡು ಎಷ್ಟು, ಪ್ರೋಗ್ರಾಂ ಎಷ್ಟು. ಈ ಐದು ಅಂಕಿಗಳನ್ನು ಸಾಲಾಗಿ ಬರೆದರೆ ಎಲ್ಲಿ ಸೋರಿತು ಎಂಬುದು ತಾನಾಗಿ ಕಾಣುತ್ತದೆ.

ಸಲಕರಣೆಗಳೂ ಸುಳ್ಳು ಹೇಳುತ್ತವೆ ಎಂಬುದನ್ನು ಮರೆಯಬಾರದು. ಟಿಸಿಪಿಡಂಪ್‌ನಲ್ಲಿ ಹಿಡಿದ ಕಡತದಲ್ಲಿ ಒಂದು ಪ್ಯಾಕೆಟ್ ಇಲ್ಲ ಎಂದ ಮಾತ್ರಕ್ಕೆ ಅದು ಬಿತ್ತು ಎಂದಲ್ಲ. ಬರೆದುಕೊಳ್ಳುವ ಪ್ರೋಗ್ರಾಮೇ ಸೋತಿರಬಹುದು. ಕಡತದಲ್ಲಿ ಕಾಣೆಯಾದ ತುಂಡಿಗೂ ಆಚೆಯವರು ‘ತಲುಪಿತು’ ಎಂದು ಮಾರುತ್ತರ ಕೊಟ್ಟಿದ್ದರೆ ಕಳೆದುಹೋದದ್ದು ದಾಖಲೆ, ಪ್ಯಾಕೆಟ್ ಅಲ್ಲ. ಇನ್ನೊಂದು ಬಲೆ ಇದಕ್ಕಿಂತ ಸೂಕ್ಷ್ಮವಾದದ್ದು. ಲ್ಯಾಬ್‌ನ ಎರಡು ಮೇಜುಗಳ ನಡುವೆ ದೂರವೇ ಇಲ್ಲವಲ್ಲ, ಆದ್ದರಿಂದ ಲಿನಕ್ಸ್‌ನ ‘ನೆಟ್‌ಎಮ್’ ಬಳಸಿ ಕೃತಕವಾಗಿ 100 ಮಿಲಿಸೆಕೆಂಡ್ ವಿಳಂಬ ಹುಟ್ಟಿಸುತ್ತಾರೆ. ಬುದ್ಧಿವಂತ ಉಪಾಯವೇ. ಆದರೆ ತಡೆದಿಟ್ಟ ಪ್ಯಾಕೆಟ್‌ಗಳನ್ನು ಎಲ್ಲಾದರೂ ಇಡಬೇಕು. 10 ಗಿಗಾಬಿಟ್‌ಗೆ 83 ಸಾವಿರ ಪ್ಯಾಕೆಟ್ ಹಿಡಿಸುವ ಜಾಗ ಬೇಕು, ನೆಟ್‌ಎಮ್ ತಾನಾಗಿ ಇಟ್ಟುಕೊಳ್ಳುವ ಮಿತಿ 1,000. ಮಿಕ್ಕದ್ದನ್ನು ಅದೇ ಎಸೆಯುತ್ತದೆ, ಪರೀಕ್ಷೆಯ ವರದಿ ಮಾತ್ರ ಸ್ವಿಚ್ಚಿನ ಹೆಸರಿಗೆ ಬರುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ನಷ್ಟ ಜಾಲದಲ್ಲೇ ಇದೆ ಎಂದು ಖಾತ್ರಿಯಾದರೆ, ಮುಂದಿನ ಪ್ರಶ್ನೆ ಸ್ವಿಚ್ಚಿನ ಬಫರ್‌ಗೆ ಸಂಬಂಧಿಸಿದ್ದು. ಐದು ನಿಮಿಷದ ಸರಾಸರಿ ತೋರಿಸುವ ಗ್ರಾಫ್‌ನಲ್ಲಿ ಕೊಂಡಿ ಶೇ 10 ಮಾತ್ರ ತುಂಬಿರುತ್ತದೆ, ಆದರೂ ಸ್ವಿಚ್ ಪ್ಯಾಕೆಟ್ ಎಸೆಯುತ್ತಿರುತ್ತದೆ. ಬೆಂಗಳೂರಿನ ಮಳೆಯನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ: ತಿಂಗಳ ಮಳೆಯ ಸರಾಸರಿಗೆ ರಾಜಕಾಲುವೆ ಧಾರಾಳ ಸಾಕು, ಒಂದು ಸಂಜೆಯ ಅರ್ಧ ಗಂಟೆಗೆ ಸಾಲದು. ಹತ್ತು ಸರ್ವರ್‌ಗಳು, ತಲಾ 10 ಗಿಗಾಬಿಟ್ ವೇಗದಲ್ಲಿ, ಒಂದೇ 10 ಗಿಗಾಬಿಟ್ ಪೋರ್ಟಿನ ಕಡೆ ಒಟ್ಟಿಗೆ ಉತ್ತರ ಕಳಿಸಿದರೆ ಸೆಕೆಂಡಿಗೆ 90 ಗಿಗಾಬಿಟ್ ಹೆಚ್ಚುವರಿ. 12 ಮೆಗಾಬೈಟ್‌ನ ಬಫರ್ ಅದನ್ನು ತಡೆದುಕೊಳ್ಳುವುದು ಸುಮಾರು ಒಂದು ಮಿಲಿಸೆಕೆಂಡ್. ಐದು ನಿಮಿಷದಲ್ಲಿ ಮೂರು ಲಕ್ಷ ಮಿಲಿಸೆಕೆಂಡ್‌ಗಳಿವೆ. ಕೆಟ್ಟದ್ದು ನಡೆದ ಆ ಒಂದು ಮಿಲಿಸೆಕೆಂಡ್ ಸರಾಸರಿಯಲ್ಲಿ ಎಲ್ಲಿ ಕಂಡೀತು? ಇದನ್ನು ಮೈಕ್ರೋಬರ್ಸ್ಟ್ ಎನ್ನುತ್ತಾರೆ. ಹಿಡಿಯಬೇಕಾದರೆ ಸ್ವಿಚ್ಚಿನ ಸಾಲು ಎಷ್ಟು ಎತ್ತರಕ್ಕೆ ಏರಿತ್ತು ಎಂಬ ಗರಿಷ್ಠ ಗುರುತನ್ನು ಓದಬೇಕು. 100 ಗಿಗಾಬಿಟ್ ಕಾರ್ಡಿನಿಂದ 10 ಗಿಗಾಬಿಟ್ ಸ್ವೀಕರಿಸುವವರಿಗೆ ಕಳಿಸುವಾಗ ಇದೇ ಅವಾಂತರ ಒಬ್ಬರೇ ಕಳಿಸುವವರಿಂದ ಆಗುತ್ತದೆ. ಮದ್ದು ಸರಳ: ಪ್ಯಾಕೆಟ್‌ಗಳನ್ನು ಒಟ್ಟಿಗೆ ಸುರಿಯದೆ, ನಡುವೆ ಬಿಡುವು ಕೊಟ್ಟು ಕಳಿಸುವಂತೆ ಕಳಿಸುವ ಯಂತ್ರಕ್ಕೆ ಹೇಳುವುದು. ಪೇಸಿಂಗ್ ಎನ್ನುವ ಈ ಒಂದು ಬದಲಾವಣೆಯಿಂದ ಗುಣವಾದ ಜಾಲಗಳು ಎಷ್ಟೋ. ಬಫರ್ ದೊಡ್ಡದಿರುವ ದುಬಾರಿ ಸ್ವಿಚ್ ಕೊಳ್ಳುವ ಮುಂಚೆ ಇದನ್ನು ಮಾಡಿ ನೋಡಬೇಕು.

ನಷ್ಟಕ್ಕೂ ಒಂದು ಚಹರೆ ಇರುತ್ತದೆ. ಎಷ್ಟು ಹೊತ್ತು ಪರೀಕ್ಷೆ ನಡೆಸಿದರೂ ಬಿದ್ದದ್ದು ಅದೇ ಐದಾರು ಪ್ಯಾಕೆಟ್ ಆದರೆ ಅವು ಶುರುವಿನಲ್ಲಿ ಬಿದ್ದವು, ಯಂತ್ರಗಳು ವಿಳಾಸ ಇನ್ನೂ ಕಲಿತಿರದ ಹೊತ್ತಿನಲ್ಲಿ. ದೊಡ್ಡ ಫ್ರೇಮ್‌ಗಳು ಹೆಚ್ಚು ಬಿದ್ದು ಸಣ್ಣವು ಉಳಿದರೆ ಬಿಟ್‌ಗಳೇ ಕೆಡುತ್ತಿವೆ; ಉದ್ದವಿದ್ದಷ್ಟೂ ಪೆಟ್ಟು ತಿನ್ನುವ ಸಂಭವ ಹೆಚ್ಚು. ಸಣ್ಣವೇ ಹೆಚ್ಚು ಬಿದ್ದರೆ ಯಾರಿಗೋ ಒಂದೊಂದು ಪ್ಯಾಕೆಟ್‌ನ ಕೆಲಸ ಮುಗಿಸಲು ಸಮಯ ಸಾಲುತ್ತಿಲ್ಲ. ನಿಗದಿತ ಅಂತರಕ್ಕೊಮ್ಮೆ ಗೊಂಚಲಾಗಿ ಬಿದ್ದರೆ ಯಾವುದೋ ಟೈಮರ್ ಓಡುತ್ತಿದೆ. ಅನುಭವಿಗಳು ನಷ್ಟದ ಶೇಕಡಾವಾರು ಕೇಳುವ ಮೊದಲು ‘ಫ್ರೇಮ್ ಸೈಜ್ ಬದಲಿಸಿ ನೋಡಿದಿರಾ?’ ಎಂದು ಕೇಳುವುದು ಇದಕ್ಕೇ.

ಸ್ವಿಚ್‌ಗಳ ಸಾಮರ್ಥ್ಯ ಪರೀಕ್ಷೆಗೆ 1999ರಿಂದಲೂ ಆಧಾರವಾಗಿರುವುದು ಆರ್‌ಎಫ್‌ಸಿ 2544 ಎಂಬ ದಸ್ತಾವೇಜು. 64 ಬೈಟ್‌ನಿಂದ 1,518 ಬೈಟ್‌ವರೆಗಿನ ಏಳು ಗಾತ್ರಗಳಲ್ಲಿ, ಒಂದು ಫ್ರೇಮ್ ಕೂಡ ಬೀಳದ ಗರಿಷ್ಠ ವೇಗ ಯಾವುದು ಎಂದು ಹುಡುಕಬೇಕು. ಒಂದೂ ಬೀಳಬಾರದು ಎಂಬ ಈ ಕಟ್ಟುನಿಟ್ಟಿನಿಂದ ಒಂದು ಸ್ವಾರಸ್ಯದ ಪೇಚು ಹುಟ್ಟುತ್ತದೆ. ಈಥರ್‌ನೆಟ್‌ನ ಪ್ರತಿ ಯಂತ್ರಕ್ಕೂ ತನ್ನದೇ ಗಡಿಯಾರವಿದೆ. ಅದು ಹತ್ತು ಲಕ್ಷಕ್ಕೆ ನೂರರಷ್ಟು ಆಚೀಚೆ ಇರಲು ನಿಯಮದ ಸಮ್ಮತಿಯಿದೆ. ಪರೀಕ್ಷಾ ಯಂತ್ರದ ಗಡಿಯಾರ 50 ಪಾಲು ಮುಂದೆ, ಸ್ವಿಚ್ಚಿನದು 50 ಪಾಲು ಹಿಂದೆ ಇದ್ದರೆ, ಎರಡೂ ನಿಯಮದೊಳಗೇ ಇದ್ದಂತಾಯಿತು. ಆದರೂ 10 ಗಿಗಾಬಿಟ್ ಕೊಂಡಿಯಲ್ಲಿ ನೂರಕ್ಕೆ ನೂರು ವೇಗದಲ್ಲಿ ಸಣ್ಣ ಫ್ರೇಮ್ ಸುರಿದರೆ ಸೆಕೆಂಡಿಗೆ ಸುಮಾರು 1,488 ಫ್ರೇಮ್ ಹೆಚ್ಚಾಗಿ ಬಂದು ಬಫರ್‌ನಲ್ಲಿ ಸೇರುತ್ತ ಹೋಗುತ್ತವೆ. ಬಫರ್ ತುಂಬಿದ ಕ್ಷಣದಿಂದ ಅಷ್ಟೇ ಫ್ರೇಮ್‌ಗಳು ಬೀಳುತ್ತವೆ. ಯಾರಲ್ಲೂ ದೋಷವಿಲ್ಲ, ನಷ್ಟ ಮಾತ್ರ ಇದೆ. ವೇಗವನ್ನು ಶೇ 99.98ಕ್ಕೆ ಇಳಿಸಿದರೆ ಅದು ನಿಂತುಹೋಗುತ್ತದೆ. ಹಳಬರು ಈ ಅಂಕಿಯನ್ನು ಹೊಸಬರಿಗೆ ಕಲಿಸಿಕೊಡಬೇಕು. ಇಲ್ಲದಿದ್ದರೆ ಸರಿಯಾಗಿರುವ ಸ್ವಿಚ್‌ಗಳ ಮೇಲೆ ದೋಷಪಟ್ಟಿ ಬೆಳೆಯುತ್ತಲೇ ಇರುತ್ತದೆ.

ಬಿಟ್ ಕೆಡುವ ಪ್ರಕರಣಗಳಲ್ಲಿ ಮೊದಲು ನೋಡಬೇಕಾದದ್ದು ಫೈಬರ್‌ನ ತುದಿ. ದೂರದ ಕೊಂಡಿಗಳಲ್ಲಿ ಬಳಸುವ ಸಿಂಗಲ್ ಮೋಡ್ ಫೈಬರ್‌ನಲ್ಲಿ ಬೆಳಕು ಹಾಯುವ ತಿರುಳಿನ ಅಗಲ ಸುಮಾರು 9 ಮೈಕ್ರಾನ್, ತಲೆಗೂದಲಿನ ಅಗಲದ ಸಣ್ಣದೊಂದು ಭಾಗ. ಬೆರಳು ತಾಗಿದ ಜಿಡ್ಡು, ಮುಚ್ಚಳದೊಳಗಿನ ಧೂಳಿನ ಕಣ ಅದನ್ನು ಅರ್ಧ ಮುಚ್ಚಲು ಸಾಕು. ಸೂಕ್ಷ್ಮದರ್ಶಕದಲ್ಲಿ ನೋಡಿ, ಒರೆಸಿ, ಮತ್ತೆ ನೋಡಿ ಆಮೇಲೆ ಸಿಕ್ಕಿಸುವುದು ಕ್ರಮ. ಹೊಸ ಕೇಬಲ್ ಕವರಿನಿಂದ ಈಗಷ್ಟೇ ತೆಗೆದದ್ದು ಎಂಬ ಕಾರಣಕ್ಕೆ ಈ ಕ್ರಮ ಬಿಡುವಂತಿಲ್ಲ, ಹೊಸದರ ತುದಿಯಲ್ಲೂ ಕೊಳೆ ಇರುತ್ತದೆ. ನಷ್ಟದ ಬೆನ್ನು ಹತ್ತಿ ಕೇಬಲ್, ಟ್ರಾನ್ಸೀವರ್, ಪೋರ್ಟ್ ಎಲ್ಲವನ್ನೂ ಒಮ್ಮೆಗೇ ಬದಲಿಸಿಬಿಡುವ ಆತುರವೂ ಬೇಡ. ನಷ್ಟ ನಿಲ್ಲಬಹುದು, ಆದರೆ ಕೆಟ್ಟದ್ದು ಯಾವುದು ಎಂದು ತಿಳಿಯದೆ ಅದು ಮತ್ತೆ ಕಪಾಟು ಸೇರುತ್ತದೆ; ಮುಂದಿನ ತಿಂಗಳು ಇನ್ನೊಬ್ಬರ ಪರೀಕ್ಷೆಗೆ ಹಾಜರಾಗುತ್ತದೆ.

400 ಗಿಗಾಬಿಟ್‌ನ ಹೊಸ ಕೊಂಡಿಗಳಲ್ಲಿ ಈ ಹುಡುಕಾಟದ ಸ್ವರೂಪವೇ ಬದಲಾಗಿದೆ. ಅಲ್ಲಿ ಬಿಟ್‌ಗಳು ಕೆಡುವುದು ದೋಷವಲ್ಲ, ದಿನನಿತ್ಯದ ಸ್ಥಿತಿ. ಒಂದು ಸಂಕೇತಕ್ಕೆ ನಾಲ್ಕು ಮಟ್ಟಗಳನ್ನು ತುರುಕುವ ಆ ತಂತ್ರಜ್ಞಾನದಲ್ಲಿ ಹತ್ತು ಸಾವಿರಕ್ಕೆ ಎರಡು ಬಿಟ್ ಕೆಟ್ಟರೂ ಕೊಂಡಿ ನಡೆಯುವಂತೆ ಲೆಕ್ಕ ಹಾಕಲಾಗಿದೆ, ಯಾಕೆಂದರೆ ತಿದ್ದುವ ಕೆಲಸ ಫೆಕ್ ಎಂಬ ಸಂಕೇತ ವಿಧಾನದ್ದು. 544 ಚಿಹ್ನೆಗಳ ಒಂದೊಂದು ಕಂತಿನಲ್ಲೂ 15 ಚಿಹ್ನೆ ಕೆಟ್ಟರೂ ಅದು ಸರಿಪಡಿಸುತ್ತದೆ. 16 ಕೆಟ್ಟರೆ ಕೈಚೆಲ್ಲುತ್ತದೆ, ಆಗ ಆ ಕಂತಿನಲ್ಲಿದ್ದ ಫ್ರೇಮ್‌ಗಳೆಲ್ಲ ಒಟ್ಟಿಗೆ ಹೋಗುತ್ತವೆ. ಸಿಆರ್‌ಸಿ ಎಣಿಕೆ ಕೊನೆಯ ಗಳಿಗೆಯವರೆಗೂ ಸೊನ್ನೆಯಾಗಿಯೇ ನಿಂತಿರುತ್ತದೆ. ಹಾಗಾಗಿ ಈಗ ಲ್ಯಾಬ್‌ಗಳಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ತಿದ್ದಿದ ಕಂತುಗಳ ಎಣಿಕೆಯನ್ನು: ಒಂದು ಕಂತಿಗೆ ಎಷ್ಟು ಚಿಹ್ನೆ ತಿದ್ದಬೇಕಾಯಿತು, ನಿನ್ನೆಗೂ ಇವತ್ತಿಗೂ ಆ ಹಂಚಿಕೆ ಬಲಕ್ಕೆ ಸರಿಯುತ್ತಿದೆಯೇ ಎಂದು. ಹನ್ನೆರಡು, ಹದಿಮೂರರ ಖಾನೆಯಲ್ಲಿ ಅಂಕಿ ಮೂಡತೊಡಗಿದ ಪೋರ್ಟನ್ನು, ಒಂದು ಪ್ಯಾಕೆಟ್ ಕೂಡ ಇನ್ನೂ ಬೀಳದಿದ್ದರೂ, ಬಿಚ್ಚಿ ಒರೆಸಲು ಹೊರಡುತ್ತಾರೆ.